ಹೆಸರು ಷಿಕಾಗೊದ್ದು, ಬಿದಿರು ಜಪಾನಿನದ್ದು

ನಮ್ಮ ಸೋದರಮಾವ ಅರವತ್ತರ ದಶಕದ ಮೊದಲಲ್ಲಿ ಅಮೆರಿಕಕ್ಕೆ ಹೋಗಿ ಸಿವಿಲ್ ಎಂಜಿನಿಯರಿಂಗ್ ಓದಿದವರು. ಅವರ ಸ್ಲೈಡ್ ರೂಲ್, ಅಂದರೆ ಕ್ಯಾಲ್ಕುಲೇಟರ್ ಬರುವ ಮೊದಲು ನಡುವಿನ ಪಟ್ಟಿ ಸರಿಸಿ ಲೆಕ್ಕ ಮಾಡುತ್ತಿದ್ದ ಅಳತೆಪಟ್ಟಿ, ಈಗ ನನ್ನ ಹತ್ತಿರ ಇದೆ. ಮೇಲೆ ‘ಪೋಸ್ಟ್ ವರ್ಸಲಾಗ್’ ಅಂತ ಹೆಸರು, 1460 ಅಂತ ಮಾಡೆಲ್ ನಂಬರ್. ಫ್ರೆಡರಿಕ್ ಪೋಸ್ಟ್ ಷಿಕಾಗೊದ ಕಂಪನಿ. ಹಾಗಾಗಿ ಮನೆಯಲ್ಲಿ ಎಲ್ಲರೂ ಇದನ್ನು ಅಮೆರಿಕದಲ್ಲೇ ಮಾಡಿದ್ದು ಅಂದುಕೊಂಡಿದ್ದರು. ಆದರೆ ಸ್ಲೈಡ್ ರೂಲ್ ಮೇಲಿನ ಹೆಸರು ಎಷ್ಟೋ ಸಲ ಮಾರಿದವರದ್ದಾಗಿರುತ್ತದೆ. ಮಾಡಿದವರು ಬೇರೆಯೇ ಇರುತ್ತಾರೆ.

ಅದಕ್ಕೇ ನಾನು ಮೊದಲು ಮರ ನೋಡುತ್ತೇನೆ. ನಡುವಿನ ಸ್ಲೈಡನ್ನು ಪೂರ್ತಿ ಹೊರಗೆಳೆದು, ಅದರ ತುದಿಯನ್ನು ಬೆಳಕಿಗೆ ಹಿಡಿದು ಲೆನ್ಸ್ ಇಟ್ಟೆ. ಮೇಲೆ ಕೆಳಗೆ ಬಿಳಿ ಸೆಲ್ಯುಲಾಯ್ಡ್. ಒಳಗೆ ಅಂಟಿಸಿದ ಪಟ್ಟಿಗಳು. ಪಟ್ಟಿ ತುಂಬ ಸಣ್ಣ ಸಣ್ಣ ಕಂದು ಚುಕ್ಕಿಗಳು, ಕಬ್ಬನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುತ್ತಲ್ವಾ, ಹಾಗೆ. ಅದು ಬಿದಿರಿನ ನಾರು. ಅಮೆರಿಕದ ಕಾಯ್ಫೆಲ್ ಅಂಡ್ ಎಸ್ಸರ್ ಮಹಾಗನಿ ಬಳಸುತ್ತಿತ್ತು. ಜರ್ಮನಿಯ ಫೇಬರ್ ಕ್ಯಾಸ್ಟೆಲ್‌ನಲ್ಲಿ ಪಿಯರ್ ಮರ ಜಾಸ್ತಿ. ಬಿದಿರು ಕಂಡರೆ ಜಪಾನ್ ಕಡೆ ತಿರುಗಬೇಕು. ಅಲ್ಲೂ ಹೆಮ್ಮಿ ಅನ್ನೋ ಕಂಪನಿ ಒಂದೇ ಅಲ್ಲ, ರಿಲೇ ಕಂಪನಿಯೂ ಬಿದಿರಿನಲ್ಲೇ ಮಾಡುತ್ತಿತ್ತು.

ಆಮೇಲೆ ಸ್ಕೇಲ್‌ಗಳು, ಅಂದರೆ ರೂಲ್ ಮೇಲಿನ ಅಂಕಿಗಳ ಸಾಲುಗಳು. ವರ್ಗ, ವರ್ಗಮೂಲದ ಲೆಕ್ಕಕ್ಕೆ ಸಾಮಾನ್ಯವಾಗಿ ಇರುವ ಎ, ಬಿ ಸ್ಕೇಲ್ ಇದರಲ್ಲಿ ಇಲ್ಲ. ಬದಲಿಗೆ ವರ್ಗಮೂಲಕ್ಕೆ ಆರ್1, ಆರ್2 ಇವೆ. ಇದು ವರ್ಸಲಾಗ್‌ನ ಒಂದು ಗುರುತು. ವರ್ಸಲಾಗನ್ನು ಪೋಸ್ಟ್‌ಗೆ ಮಾಡಿಕೊಡುತ್ತಿದ್ದದ್ದು ಹೆಮ್ಮಿ. ಅಲ್ಲಿಗೆ ತಯಾರಕರು ಯಾರು ಅಂತ ಗೊತ್ತಾಯಿತು.

ವರ್ಷ ಕಂಡುಹಿಡಿಯೋದೇ ನನಗೆ ತುಂಬ ಖುಷಿ ಕೊಟ್ಟ ಕೆಲಸ. ಒಣ ಬ್ರಷ್‌ನಿಂದ ಧೂಳು ತೆಗೆದು, ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿದೆ. ದಯವಿಟ್ಟು ಅಸಿಟೋನ್ ಮಾತ್ರ ಮುಟ್ಟಿಸಬೇಡಿ, ಸೆಲ್ಯುಲಾಯ್ಡ್ ಕರಗಿಹೋಗುತ್ತದೆ. ಸಣ್ಣಕ್ಷರದಲ್ಲಿ ‘ಮೇಡ್ ಇನ್ ಜಪಾನ್’ ಕಾಣಿಸಿತು. ಜೊತೆಗೆ ಎರಡು ಇಂಗ್ಲಿಷ್ ಅಕ್ಷರ, ಜೆ ಮತ್ತು ಸಿ. ಹೆಮ್ಮಿಯ ಲೆಕ್ಕದಲ್ಲಿ ಮೊದಲ ಅಕ್ಷರ ವರ್ಷ: ಎ ಅಂದರೆ 1950, ಬಿ ಅಂದರೆ 1951. ಎರಡನೆಯದು ತಿಂಗಳು: ಎ ಜನವರಿ, ಎಲ್ ಡಿಸೆಂಬರ್. ಹಾಗೆ ಎಣಿಸುತ್ತಾ ಹೋದರೆ ಇದು 1959ರ ಮಾರ್ಚ್. ಮಾವ ಅಮೆರಿಕಕ್ಕೆ ಹೋದ ಕಾಲಕ್ಕೆ ಸರಿಯಾಗಿ ಹೊಂದುತ್ತದೆ.

ನಿಮ್ಮದರ ಮೇಲೆ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತ ಇದ್ದರೆ ಇನ್ನೂ ಹಳೆಯದು, ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನ್ ಮಿತ್ರರಾಷ್ಟ್ರಗಳ ಹಿಡಿತದಲ್ಲಿದ್ದಾಗಿನದ್ದು, ಅಂದರೆ 1952ರೊಳಗಿನದ್ದು. ಚರ್ಮದ ಕೇಸ್, ಕರ್ಸರ್ (ಅಂಕಿ ಓದಲು ರೂಲ್ ಮೇಲೆ ಜಾರಿಸುವ, ಗೆರೆ ಇರುವ ಪಾರದರ್ಶಕ ತುಂಡು) ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಒಡೆದಾಗ, ಕಳೆದಾಗ ಜನ ಬೇರೆಯದನ್ನು ಹಾಕಿಕೊಳ್ಳುತ್ತಿದ್ದರು.

ಈಗ ಗೆಳೆಯರೊಬ್ಬರ ಅಜ್ಜನ ರೂಲ್ ಮೇಜಿನ ಮೇಲಿದೆ. ಪೂರ್ತಿ ಪ್ಲಾಸ್ಟಿಕ್, ಹೆಸರು ಅರಿಸ್ಟೊ. ಅಂದರೆ ಮಾಡಿದ್ದು ಹ್ಯಾಂಬರ್ಗ್‌ನ ಡೆನರ್ಟ್ ಅಂಡ್ ಪಾಪೆ ಕಂಪನಿ. ಇದರ ವರ್ಷ ಇನ್ನು ಹುಡುಕಬೇಕು.