ಎಮ್ಮಾ, ಅನ್ನಾ, ಎಫಿ: ಹಾದರದ ಕಾದಂಬರಿ ಓದೋಕೆ ಕೂತಾಗ

ಮದುವೆಯಾದ ಹೆಂಗಸು ಇನ್ನೊಬ್ಬನನ್ನ ಇಷ್ಟಪಡೋ ಹಳೇ ಯುರೋಪಿನ ಕಾದಂಬರಿ ಕೈಗೆತ್ತಿಕೊಂಡ್ರೆ ನಾವು ಮಾಡೋ ಮೊದಲ ತಪ್ಪು, ಇವಳದ್ದು ಸರಿನಾ ತಪ್ಪಾ ಅಂತ ಪಂಚಾಯ್ತಿಗೆ ಕೂರೋದು. ಅದನ್ನ ಪಕ್ಕಕ್ಕಿಡಿ, ಮೊದಲು ಆ ಕಾಲದ ಕಾನೂನು ಏನಿತ್ತು ಅಂತ ನೋಡ್ಕೊಳ್ಳಿ.

ಫ್ರಾನ್ಸಲ್ಲಿ 1816ಕ್ಕೆ ಡೈವೋರ್ಸೇ ತೆಗೆದುಹಾಕಿದ್ರು, ವಾಪಸ್ ಬಂದಿದ್ದು 1884ರಲ್ಲಿ. ಫ್ಲೋಬೇರನ ಫ್ರೆಂಚ್ ಕಾದಂಬರಿ ಮದಾಮ್ ಬೊವಾರಿ ಪತ್ರಿಕೆಲಿ ಬಂದಿದ್ದು 1856, ಅಂದ್ರೆ ಅದರ ನಾಯಕಿ ಎಮ್ಮಾಗೆ ಆ ಬಾಗಿಲೇ ಇರ್ಲಿಲ್ಲ. ಗಂಡ ದೂರು ಕೊಟ್ರೆ ಹೆಂಡ್ತಿಗೆ 3 ತಿಂಗಳಿಂದ 2 ವರ್ಷ ಜೈಲು, ಅದೇ ಗಂಡನಿಗೆ ಬರೀ ದಂಡ, ಅದೂ ಇಟ್ಕೊಂಡೋಳನ್ನ ಮನೆಗೇ ತಂದಿಟ್ಕೊಂಡಿದ್ರೆ ಮಾತ್ರ!

ಆಮೇಲೆ ಪೆನ್ಸಿಲ್ ತಗೊಂಡು ದುಡ್ಡು ಬಂದಲ್ಲೆಲ್ಲ ಗೆರೆ ಎಳೀರಿ. ಬಟ್ಟೆ ವ್ಯಾಪಾರಿ ಲ್ಯೂರೋ ನಗ್ತಾ ನಗ್ತಾ ಎಮ್ಮಾಗೆ ಸಾಲಕ್ಕೆ ಕೊಡ್ತಾನೆ, ಪ್ರಾಮಿಸರಿ ನೋಟಿಗೆ ಸೈನ್ ಹಾಕಿಸ್ಕೊತಾನೆ, ಅದು ತೀರೋ ಮುಂಚೆ ಇನ್ನೊಂದು, ಕೊನೆಗೆ ಸಾಲ 8,000 ಫ್ರಾಂಕ್ ಆಗಿ ಜಪ್ತಿಗೆ ಬರುತ್ತೆ, ಹಳೇ ಪ್ರೇಮಿ ಹತ್ರ 3,000 ಕೇಳಿದ್ರೆ ಇಲ್ಲ ಅಂತಾನೆ. ನನ್ನ ಕೇಳಿದ್ರೆ ಅವಳನ್ನ ವಿಷದವರೆಗೆ ತಳ್ಳಿದ್ದು ಪ್ರೇಮಕ್ಕಿಂತ ಹೆಚ್ಚಾಗಿ ಈ ಸಾಲ.

ಫೊಂಟಾನೆಯ ಜರ್ಮನ್ ಕಾದಂಬರಿ ಎಫಿ ಬ್ರೀಸ್ಟ್ (1895) ಓದೋವಾಗ ಪುಟ ಹಾರಿಸಿಬಿಟ್ನಾ ಅಂತ ಗಾಬರಿ ಬೇಡ, ಸಂಬಂಧದ ದೃಶ್ಯಗಳನ್ನ ಲೇಖಕನೇ ಬರ್ದಿಲ್ಲ. ವಾಕಿಂಗಿಂದ ಅವಳು ಲೇಟಾಗಿ ಬರೋದು, ಊರು ಬಿಡೋವಾಗ ಹಗುರಾಗೋದು, ಇಂಥದ್ರಲ್ಲೇ ಊಹಿಸ್ಕೋಬೇಕು. ಎಲ್ಲ ಮುಗಿದು ಆರು ವರ್ಷದ ಮೇಲೆ ಮಗಳ ಹಣೆಗೆ ಗಾಯ ಆಗುತ್ತೆ, ಪಟ್ಟಿ ಹುಡುಕೋಕೆ ಹೊಲಿಗೆ ಮೇಜು ಒಡೆದು ತೆಗೀತಾರೆ, ಪ್ರೇಮಿಯ ಹಳೇ ಪತ್ರಗಳು ಸಿಗುತ್ವೆ. ಗಂಡನಿಗೆ ಅಷ್ಟೇನೂ ಸಿಟ್ಟೂ ಇಲ್ಲ, ಆದ್ರೂ ಮರ್ಯಾದೆ ಅಂತ ದ್ವಂದ್ವಯುದ್ಧಕ್ಕೆ ಹೋಗಿ ಆ ಪ್ರೇಮಿನ ಕೊಲ್ತಾನೆ.

ಟಾಲ್‌ಸ್ಟಾಯ್‌ನ ಅನ್ನಾ ಕರೆನಿನಾದಲ್ಲಿ ಲೆವಿನ್-ಕಿಟಿ ಅನ್ನೋ ಇನ್ನೊಂದು ಜೋಡಿಯ ಅಧ್ಯಾಯಗಳನ್ನ ಹಾರಿಸ್ಬೇಡಿ (ನಾನು ಮೊದಲ ಸಲ ಹಾರಿಸಿದ್ದೆ, ಅರ್ಧ ಕಾದಂಬರಿನೇ ಕೈತಪ್ಪಿತ್ತು), ಮದುವೆ ಹೇಗೆ ನಡೆಯುತ್ತೆ ಅನ್ನೋದು ಇರೋದೇ ಅಲ್ಲಿ. ಅನ್ನಾಳ ಕಡೆ ಮಾತ್ರ ಚಿಕ್ಕ ಚಿಕ್ಕದ್ರ ಮೇಲೆ ಕಣ್ಣಿಡಿ. ಪೀಟರ್ಸ್‌ಬರ್ಗಲ್ಲಿ ಟ್ರೈನ್ ಇಳಿದ ಕೂಡ್ಲೆ ಅವಳಿಗೆ ಕಾಣೋದು ಗಂಡನ ಕಿವಿ, ಇಷ್ಟು ವರ್ಷ ಜೊತೆಗಿದ್ದ ಕಿವಿನೇ, ಇವತ್ತು ವಿಚಿತ್ರ ಅನ್ಸುತ್ತೆ. ಆ ಇನ್ನೊಬ್ಬನ ಜೊತೆ ಇನ್ನೂ ಏನೂ ನಡೆದಿರಲ್ಲ ಆಗ.

ಮಗು ಎಲ್ಲಿ ಉಳೀತು ಅಂತಲೂ ನೋಡಿ, ಗಂಡನ ಹತ್ರನೇ. ಮಗನ ಹುಟ್ಟುಹಬ್ಬದ ದಿನ ಅನ್ನಾ ಕದ್ದುಮುಚ್ಚಿ ಆ ಮನೆಗೆ ಹೋಗ್ತಾಳೆ, ಗಂಡ ಬಂದ ಅಂತ ಓಡಿ ಬರ್ತಾಳೆ, ಹಿಂದಿನ ದಿನ ಅಷ್ಟು ಪ್ರೀತಿಯಿಂದ ಆರಿಸಿದ್ದ ಆಟದ ಸಾಮಾನಿನ ಗಂಟು ಬಿಚ್ಚದೇ ಹಾಗೇ ವಾಪಸ್ ತಂದಿರ್ತಾಳೆ.