ಬೆಂಗಳೂರಿನ ಸ್ಟಾರ್ಟಪ್ ಮೀಟಪ್‌ಗೆ ಹೊರಟಿದ್ದೀರಾ? ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹುಡುಗ ಹುಡುಗಿಯರು ಬೆಂಗಳೂರಿನ ಸ್ಟಾರ್ಟಪ್ ಕಾರ್ಯಕ್ರಮಗಳಿಗೆ ಹೋಗುವುದು ಈಗ ಜಾಸ್ತಿಯಾಗಿದೆ. ಒಳ್ಳೆಯದೇ. ಆದರೆ ಬಹಳ ಜನ ಅಲ್ಲಿ ಏನು ಮಾಡುತ್ತಾರೆ ಅಂತ ನೋಡುತ್ತಾ ಬಂದಿದ್ದೇನೆ. ಹಿಂದಿನ ಸಾಲಿನಲ್ಲಿ ಕೂತು ಭಾಷಣ ಕೇಳುತ್ತಾರೆ. ವೇದಿಕೆ ಇಳಿದವರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಬಿಡುವಿನಲ್ಲಿ ಊರಿಂದ ಜೊತೆಗೆ ಬಂದ ಗೆಳೆಯನ ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತಾರೆ. ರಾತ್ರಿ ರೈಲು ಹತ್ತುತ್ತಾರೆ. ಭಾಷಣ ಯೂಟ್ಯೂಬ್‌ನಲ್ಲೂ ಸಿಗುತ್ತದೆ, ಅದಕ್ಕೆ 500 ಕಿಲೋಮೀಟರ್ ಹೋಗಬೇಕಾಗಿಲ್ಲ. ಅಷ್ಟು ದೂರ ಹೋಗುವುದು ಜನರನ್ನು ಮಾತಾಡಿಸಲಿಕ್ಕೆ. ಎಡವುವುದೂ ಅಲ್ಲೇ. ಹಾಗಾಗಿ ಈ ಲೇಖನದ ಹೆಚ್ಚಿನ ಜಾಗ ಅದಕ್ಕೇ ಹೋಗಿದೆ.

ಯಾವುದಕ್ಕೆ ಹೋಗಬೇಕು

ದೊಡ್ಡದು ಅಂದರೆ ಬೆಂಗಳೂರು ಟೆಕ್ ಸಮ್ಮಿಟ್. 1998ರಲ್ಲಿ ಬೆಂಗಳೂರು ಐಟಿ ಡಾಟ್ ಕಾಮ್ ಎಂಬ ಹೆಸರಿನಲ್ಲಿ ಶುರುವಾದದ್ದು. ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುತ್ತದೆ. ಬಹಳ ವರ್ಷ ಬೆಂಗಳೂರು ಅರಮನೆಯಲ್ಲಿ ನಡೆದು, 2025ರಲ್ಲಿ ತುಮಕೂರು ರಸ್ತೆಯ ಬಿಐಇಸಿ ಎಂಬ ವಸ್ತುಪ್ರದರ್ಶನ ಕೇಂದ್ರಕ್ಕೆ ಹೋಯಿತು. ಇಲ್ಲಿ ಪ್ರದರ್ಶನ ನೋಡುವ ಪಾಸ್ ಬೇರೆ, ಸಮ್ಮೇಳನದ ಡೆಲಿಗೇಟ್ ಪಾಸ್ ಬೇರೆ. ಮೊದಲ ಸಲ ಹೋಗುವವರಿಗೆ ಪ್ರದರ್ಶನದ ಪಾಸ್ ಸಾಕು. ಸಣ್ಣ ಕಂಪನಿಗಳ ಸ್ಟಾಲ್‌ಗಳಲ್ಲಿ ಬೆಳಗ್ಗೆ ಕಂಪನಿ ಕಟ್ಟಿದವರೇ ನಿಂತಿರುತ್ತಾರೆ, ಗಂಟಲೂ ಇನ್ನೂ ಕಟ್ಟಿರುವುದಿಲ್ಲ. ಅವರ ಜೊತೆ ಐದು ನಿಮಿಷ ಮಾತಾಡುವುದು ಸಭಾಂಗಣದಲ್ಲಿ ಎರಡು ತಾಸು ಕೂರುವುದಕ್ಕಿಂತ ಮೇಲು.

ಸಣ್ಣವು ಅಂದರೆ ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್, ಇಂದಿರಾನಗರದ ಆಫೀಸುಗಳಲ್ಲಿ ಸಂಜೆ ಸೇರುವ ಮೀಟಪ್‌ಗಳು. ಲೂಮಾ, ಮೀಟಪ್ ಆ್ಯಪ್‌ಗಳಲ್ಲಿ ಪಟ್ಟಿ ಸಿಗುತ್ತದೆ. ನನ್ನ ಮಟ್ಟಿಗೆ ಇವೇ ಒಳ್ಳೆಯವು. ಐವತ್ತು ಜನರ ಕೋಣೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬರುವುದು ಕಷ್ಟ. ದೊಡ್ಡ ಸಮಾವೇಶ ಇರುವ ವಾರದಲ್ಲೇ ಇಂಥದ್ದೊಂದು ಸಿಕ್ಕರೆ ಒಂದೇ ಪ್ರಯಾಣದಲ್ಲಿ ಎರಡೂ ಮುಗಿಯುತ್ತವೆ.

ಬೆಂಗಳೂರಿಗೆ ಮೊದಲು ಹುಬ್ಬಳ್ಳಿಯಲ್ಲಿ ಒಮ್ಮೆ ಕೈ ಪಳಗಿಸಿಕೊಳ್ಳಿ. ಹೊಸ ಕಂಪನಿ ಕಟ್ಟುವವರಿಗೆ ನೆರವಾಗುವ ದೇಶಪಾಂಡೆ ಸ್ಟಾರ್ಟಪ್ಸ್‌ನಂಥ ಜಾಗ ನಮಗೆ ಹತ್ತಿರದಲ್ಲೇ ಇದೆ.

ಒಂದು ಎಚ್ಚರಿಕೆ. ‘ನಿಮ್ಮನ್ನು ಯುವ ಉದ್ಯಮಿ ಪ್ರಶಸ್ತಿಗೆ ಆರಿಸಿದ್ದೇವೆ, ಇಷ್ಟು ಸಾವಿರ ಕಟ್ಟಿ’ ಎಂದು ಮೇಲ್ ಬಂದರೆ ಉತ್ತರವನ್ನೇ ಕೊಡಬೇಡಿ. ಅಂಥ ಹಾಲ್‌ನಲ್ಲಿ ನಿಮ್ಮ ಹಾಗೆ ದುಡ್ಡು ಕಟ್ಟಿದವರೇ ತುಂಬಿರುತ್ತಾರೆ.

ನೋಂದಣಿ, ಪ್ರಯಾಣ

ಲೂಮಾದಲ್ಲಿ ಹೆಸರು ಕೊಟ್ಟ ತಕ್ಷಣ ಸೀಟು ಸಿಕ್ಕಿತು ಎಂದುಕೊಳ್ಳಬೇಡಿ. ಎಷ್ಟೋ ಕಾರ್ಯಕ್ರಮಗಳಲ್ಲಿ ಆಯೋಜಕರು ಒಪ್ಪಿದ ಮೇಲೆಯೇ ವಿಳಾಸ ಕಾಣಿಸುತ್ತದೆ. ‘ಯಾಕೆ ಬರುತ್ತಿದ್ದೀರಿ’ ಎಂಬ ಪ್ರಶ್ನೆ ಇದ್ದರೆ ಎರಡು ಸಾಲು ಮನಸ್ಸಿಟ್ಟು ಬರೆಯಿರಿ. ಒಪ್ಪಿಗೆ ಬಂದ ಮೇಲೆಯೇ ಟಿಕೆಟ್ ಮಾಡಿಸಿ.

ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು ಯಶವಂತಪುರದಲ್ಲೇ ಇಳಿಯಿರಿ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಮಾದಾವರದಲ್ಲಿ ಇಳಿದರೆ ಬಿಐಇಸಿ ಅಲ್ಲೇ. ಬೆಳಗಾವಿಯ ವಂದೇ ಭಾರತ್ ಚೆನ್ನಾಗಿದೆ, ಆದರೆ ಬೆಂಗಳೂರು ಮುಟ್ಟುವಾಗ ಮಧ್ಯಾಹ್ನ ಆಗಿರುತ್ತದೆ. ಸಂಜೆಯ ಮೀಟಪ್‌ಗೆ ಅದು ಸರಿ, ಬೆಳಗಿನ ಸಭೆಗೆ ಆಗದು.

ಪರಿಚಯ: ಎಲ್ಲರೂ ಕೆಡಿಸುವುದು ಇಲ್ಲೇ

ಯಾರೋ ‘ನೀವು ಏನು ಮಾಡ್ತೀರಿ?’ ಎಂದು ಕೇಳುತ್ತಾರೆ. ನಮ್ಮ ಹುಡುಗ ಉಸಿರು ಬಿಗಿಹಿಡಿದು ಶುರು ಮಾಡುತ್ತಾನೆ: ‘ಸರ್, ನಮ್ಮದು ಎಐ ಬೇಸ್ಡ್ ಅಗ್ರಿಟೆಕ್ ಪ್ಲಾಟ್‌ಫಾರ್ಮ್, ರೈತರಿಗೆ ಎಂಡ್ ಟು ಎಂಡ್ ಸಲ್ಯೂಷನ್ ಕೊಡ್ತೀವಿ, ಫಂಡಿಂಗ್ ನೋಡ್ತಿದೀವಿ.’ ಕೇಳಿದವರು ‘ಓ, ಒಳ್ಳೇದು’ ಎಂದು ನಗುತ್ತಾರೆ. ಮಾತು ಅಲ್ಲಿಗೆ ಮುಗಿಯಿತು. ಈ ಸಾಲನ್ನು ಅವರು ಆವತ್ತೇ ಹತ್ತು ಜನರ ಬಾಯಲ್ಲಿ ಕೇಳಿರುತ್ತಾರೆ.

ಈಗ ಇದನ್ನು ಓದಿ.

‘ನಾನು ವಿಜಯಪುರ ಜಿಲ್ಲೆ ತಿಕೋಟಾದವನು. ನಮ್ಮಲ್ಲಿ ದ್ರಾಕ್ಷಿಯನ್ನ ಶೆಡ್‌ನಲ್ಲಿ ಬಲೆ ಮೇಲೆ ಹರಡಿ ಎರಡು ವಾರ ಒಣಗಿಸ್ತಾರೆ. ನಾಲ್ಕು ಕೆಜಿ ಹಣ್ಣಿಗೆ ಸುಮಾರು ಒಂದು ಕೆಜಿ ಒಣದ್ರಾಕ್ಷಿ. ಆ ಟೈಮಲ್ಲಿ ಮಳೆ ಬಂದು ತೇವ ಏರಿದರೆ ಬಣ್ಣ ಕಪ್ಪಾಗಿ ರೇಟ್ ಬೀಳುತ್ತೆ. ಶೆಡ್ಡಿನ ತೇವ ಅಳೆದು ರೈತರಿಗೆ ಕನ್ನಡದಲ್ಲಿ ಫೋನ್ ಹೋಗೋ ಒಂದು ಡಬ್ಬಿ ಮಾಡಿ ಆರು ಕಡೆ ಹಾಕಿದ್ದೀನಿ. ಆದರೆ ಪಕ್ಕದಲ್ಲೇ ಗಂಧಕದ ಹೊಗೆ ಕೊಡ್ತಾರೆ, ಅದಕ್ಕೆ ಸೆನ್ಸರ್ ಕೆಡ್ತಾ ಇದೆ. ಇಂಥ ಹೊಗೆ ತಡೆಯೋ ಸೆನ್ಸರ್ ಬಗ್ಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ?’

ಇದು ಬರೀ ಉದಾಹರಣೆ. ಆದರೆ ಇದರಲ್ಲಿ ಏನೇನಿದೆ ನೋಡಿ. ಎಲ್ಲಿಯವರು, ಯಾರ ತೊಂದರೆ, ಇಲ್ಲಿವರೆಗೆ ಕೈಯಾರೆ ಏನು ಮಾಡಿದ್ದೀರಿ, ಈಗ ಎಲ್ಲಿ ಸಿಕ್ಕಿಕೊಂಡಿದ್ದೀರಿ. ಕೊನೆಗೆ ಒಂದು ಸಣ್ಣ ಪ್ರಶ್ನೆ. ಕೇಳಿದವರಿಗೆ ಉತ್ತರ ಗೊತ್ತಿರದೇ ಇರಬಹುದು. ಆದರೂ ‘ನಮ್ಮ ಹಾರ್ಡ್‌ವೇರ್ ಟೀಮಿನಲ್ಲಿ ಒಬ್ಬರಿದ್ದಾರೆ, ಕೇಳಿ ನೋಡ್ತೀನಿ’ ಅನ್ನುವಷ್ಟು ದಾರಿ ಸಿಗುತ್ತದೆ. ದುಡ್ಡು ಕೇಳಿದರೆ ಆ ದಾರಿ ಇಲ್ಲ. ಮೂರು ನಿಮಿಷದ ಪರಿಚಯಕ್ಕೆ ಯಾರೂ ಹಣ ಹಾಕುವುದಿಲ್ಲ, ‘ಮೇಲ್ ಮಾಡಿ’ ಎಂದು ಸಾಗಹಾಕುತ್ತಾರೆ. ಆರಂಭದ ಹಣವೇ ಬೇಕಿದ್ದರೆ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಗೆ ಅರ್ಜಿ ಹಾಕಿ. ಆಯ್ಕೆಯಾದರೆ 50 ಲಕ್ಷ ರೂಪಾಯಿವರೆಗೆ ಅನುದಾನ ಇದೆ, ಅದಕ್ಕೆ ಕಂಪನಿಯಲ್ಲಿ ಪಾಲು ಕೊಡಬೇಕಾಗಿಲ್ಲ.

ದ್ರಾಕ್ಷಿಯ ಜಾಗದಲ್ಲಿ ನಿಮ್ಮದನ್ನು ಇಡಿ. ಇಳಕಲ್ ನೇಕಾರರ ಆರ್ಡರ್ ಲೆಕ್ಕ ಇರಬಹುದು, ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕ ಬಿರುಕು ಬಿಡುವುದು ಇರಬಹುದು. ಬೆಂಗಳೂರಿನ ಕೋಣೆಯಲ್ಲಿ ಕೂತವರಿಗೆ ಇವು ಗೊತ್ತಿಲ್ಲ. ನಿಮಗೆ ಗೊತ್ತು. ಊರಿನ ಹೆಸರು ಹೇಳಲು ಹಿಂಜರಿಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇದನ್ನು ಮೊದಲು ಕನ್ನಡದಲ್ಲೇ ಬರೆಯಿರಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಅರ್ಧ ನಿಮಿಷ, ತಪ್ಪಿದರೆ ಮುಕ್ಕಾಲು. ನಿಮ್ಮ ಕೆಲಸ ಗೊತ್ತಿಲ್ಲದ ಕಾಕಾನೋ ಮಾವಶಿಯೋ ಕೇಳಿ ತಿರುಗಿ ಹೇಳುವಂತಿದ್ದರೆ ಸರಿಯಾಗಿದೆ ಅಂತ. ಇಂಗ್ಲಿಷ್ ತಡವರಿಸಿದರೆ ಏನೂ ಆಗುವುದಿಲ್ಲ. ಆ ಕೋಣೆಯಲ್ಲಿ ಕನ್ನಡದವರೂ ಇರುತ್ತಾರೆ. ‘ಕನ್ನಡ ಬರ್ತದೇನ್ರೀ?’ ಎಂದು ಸಹಜವಾಗಿ ಕೇಳಿ.

ಗುಂಪಿನೊಳಗೆ ಸೇರುವುದು

ಜೊತೆಗೆ ಬಂದ ಗೆಳೆಯನಿಂದ ಬಾಗಿಲಲ್ಲೇ ಬೇರೆಯಾಗಿ. ಒಂದು ತಾಸಿನ ನಂತರ ಸೇರಿ, ಯಾರು ಯಾರು ಸಿಕ್ಕರು ಎಂದು ಹೇಳಿಕೊಳ್ಳಿ.

ಇಬ್ಬರು ಎದುರುಬದುರು ನಿಂತು ಗಂಭೀರವಾಗಿ ಮಾತಾಡುತ್ತಿದ್ದರೆ ಬಿಟ್ಟುಬಿಡಿ. ಮೂರು ನಾಲ್ಕು ಜನ ಸಡಿಲವಾಗಿ ನಿಂತಿದ್ದರೆ, ನಡುವೆ ಜಾಗ ಇದ್ದರೆ, ಹೋಗಿ ನಿಲ್ಲಿ. ಮೊದಲು ಒಂದು ನಿಮಿಷ ಸುಮ್ನೆ ಕೇಳಿ. ಮಾತು ನಿಂತಾಗ ‘ಈಗ ನೀವು ಹೇಳಿದ್ದು ನಮ್ಮ ಕಡೆಯೂ ಆಗುತ್ತೆ’ ಎಂದು ಒಳಗೆ ಬನ್ನಿ. ಒಂಟಿಯಾಗಿ ಫೋನ್ ನೋಡುತ್ತಾ ನಿಂತವರು ಕಂಡರೆ ಇನ್ನೂ ಸುಲಭ, ಅವರೂ ಯಾರಾದರೂ ಮಾತಾಡಿಸಲಿ ಎಂದೇ ಕಾಯುತ್ತಿರುತ್ತಾರೆ.

ಭಾಷಣ ಮಾಡಿದವರ ಸುತ್ತ ಮುತ್ತಿಕೊಳ್ಳುವ ಗುಂಪಿನಲ್ಲಿ ನೂಕಾಡಬೇಡಿ. ಪ್ರಶ್ನೋತ್ತರದಲ್ಲಿ ಒಳ್ಳೆಯ ಪ್ರಶ್ನೆ ಕೇಳಿದವರು ಯಾರು ಎಂದು ಗುರುತಿಟ್ಟುಕೊಳ್ಳಿ, ಅವರ ಹತ್ತಿರ ಹೋಗಿ. ನೀವೇ ಮೈಕ್ ಹಿಡಿದರೆ ಹೆಸರು, ಊರು, ಒಂದೇ ಪ್ರಶ್ನೆ, ಅಷ್ಟೇ. ಹಿನ್ನೆಲೆ ಹೇಳುತ್ತಾ ಹೋದರೆ ಹಾಲ್‌ನಲ್ಲಿ ತಲೆ ಎತ್ತಿದವರೆಲ್ಲ ಮತ್ತೆ ಫೋನಿಗೆ ಇಳಿಯುತ್ತಾರೆ.

ಮಾತು ಮುಗಿಸುವುದನ್ನೂ ಕಲಿಯಬೇಕು. ಹತ್ತು ನಿಮಿಷ ಆಯಿತೆಂದರೆ, ‘ನಿಮ್ಮ ಜೊತೆ ಮಾತಾಡಿ ಖುಷಿಯಾಯ್ತು, ರಾತ್ರಿ ಮೆಸೇಜ್ ಮಾಡ್ತೀನಿ’ ಎಂದು ಹೊರಡಿ. ಒಬ್ಬರನ್ನೇ ಅಂಟಿಕೊಂಡು ನಿಲ್ಲಬೇಡಿ. ಹೊರಟ ಕೂಡಲೇ ಗೋಡೆ ಪಕ್ಕಕ್ಕೆ ಹೋಗಿ ಫೋನಿನಲ್ಲಿ ಬರೆದುಕೊಳ್ಳಿ: ಯಾರು, ಏನು ಹೇಳಿದರು, ನಾನು ಏನು ಕಳಿಸುತ್ತೇನೆ ಎಂದೆ. ನಾಲ್ಕನೆಯವರನ್ನು ಮಾತಾಡಿಸುವಷ್ಟರಲ್ಲಿ ಮೊದಲನೆಯವರ ಮಾತು ಮರೆತಿರುತ್ತದೆ.

ಫೋನಿಗೆ ತಾಗಿಸಿದರೆ ವಿವರ ಹೋಗುವ ಎನ್‌ಎಫ್‌ಸಿ ಕಾರ್ಡ್‌ಗಳನ್ನು ಈಗ ಜೋರಾಗಿ ಮಾರುತ್ತಿದ್ದಾರೆ. ಕೊಳ್ಳಬೇಡಿ. ಎಷ್ಟೋ ಫೋನ್‌ಗಳಲ್ಲಿ ಎನ್‌ಎಫ್‌ಸಿ ಇರುವುದಿಲ್ಲ, ಇದ್ದರೂ ಆಫ್ ಆಗಿರುತ್ತದೆ. ಲಿಂಕ್ಡ್‌ಇನ್‌ನ ಕ್ಯೂಆರ್ ಕೋಡನ್ನು ಸ್ಕ್ರೀನ್‌ಶಾಟ್ ಮಾಡಿಟ್ಟುಕೊಂಡರೆ ಸಾಕು, ನೆಟ್‌ವರ್ಕ್ ಇಲ್ಲದ ಬೇಸ್‌ಮೆಂಟಿನಲ್ಲೂ ತೋರಿಸಬಹುದು.

ವಾಪಸ್ ಬರುವ ರೈಲಿನಲ್ಲೇ

ಮೆಸೇಜ್ ಆ ರಾತ್ರಿಯೇ ಹೋಗಲಿ. ಎಐ ಬರೆದುಕೊಟ್ಟ ನುಣುಪಾದ ಇಂಗ್ಲಿಷ್ ಬೇಡ, ಎಲ್ಲರದೂ ಒಂದೇ ಥರ ಇರುತ್ತದೆ. ‘ಇವತ್ತು ಸಂಜೆ ದ್ರಾಕ್ಷಿ ಶೆಡ್ ಬಗ್ಗೆ ಮಾತಾಡಿದವನು. ಕೆಟ್ಟ ಸೆನ್ಸರ್ ಫೋಟೋ ಕಳಿಸ್ತೀನಿ ಅಂದಿದ್ದೆ, ಇದು ನೋಡಿ. ನೀವು ಹೇಳಿದ ಗೆಳೆಯರ ನಂಬರ್ ಕೊಡಬಹುದಾ?’ ಇಷ್ಟು ಸಾಕು. ಇಪ್ಪತ್ತು ಪುಟದ ಪ್ರೆಸೆಂಟೇಶನ್ ಯಾರೂ ತೆಗೆದು ನೋಡುವುದಿಲ್ಲ.

ಉತ್ತರ ಬರದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ಕೇಳಿ, ಆಮೇಲೆ ಬಿಡಿ. ಉತ್ತರ ಕೊಟ್ಟವರಿಗೆ ತಿಂಗಳಾದ ಮೇಲೆ, ಅವರು ಹೇಳಿದ್ದನ್ನು ಮಾಡಿ ನೋಡಿದಾಗ ಏನಾಯಿತು ಎಂದು ತಿಳಿಸಿ. ಕೆಲಸ ಆಗದಿದ್ದರೂ ತಿಳಿಸಿ. ಹಾಗೇ ಊರಿಗೆ ಬಂದು ನೋಡಿ ಎಂದು ಕರೆಯಿರಿ. ಬರುತ್ತೇನೆ ಎಂದರೆ ದಿನ ನೀವೇ ಸೂಚಿಸಿ. ದ್ರಾಕ್ಷಿ ಶೆಡ್ ನೋಡಬೇಕಾದರೆ ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಬರಬೇಕು. ಇದು ಬೆಂಗಳೂರಿನವರಿಗೆ ಗೊತ್ತಿರುವುದಿಲ್ಲ.