ಕ್ಯಾಮೆರಾಕ್ಕಿಂತ ಮೊದಲು ಕ್ಯಾಲೆಂಡರ್ ಹಾಳೆ: ಕೆಚ್ಚಲು ಬಾವಿನ ಪಾಠ ಮಾಡಿದ ನನ್ನ ಅನುಭವ

ಡೈರಿಗೆ ಹಾಲು ಹಾಕುವ ಹೆಂಗಸರಿಗೆ ಕೆಚ್ಚಲು ಬಾವಿನ ಬಗ್ಗೆ, ಅಂದರೆ ಹಸುವಿನ ಕೆಚ್ಚಲಿಗೆ ಸೋಂಕು ತಗುಲಿ ಬಾತುಕೊಳ್ಳುವ ರೋಗದ ಬಗ್ಗೆ, ಒಂದು ಪಾಠ ಮಾಡಿಕೊಡಿ ಅಂತ ಒಂದು ಸಂಸ್ಥೆಯವರು ಕೇಳಿದರು. ಅವರ ಹತ್ತಿರ ಆಗಲೇ 22 ನಿಮಿಷದ ಒಂದು ವಿಡಿಯೋ ಇತ್ತು. ಅದನ್ನೇ ಸ್ವಲ್ಪ ಚೆಂದ ಮಾಡಿ, ಗ್ರಾಫಿಕ್ಸ್ ಜಾಸ್ತಿ ಹಾಕಿ ಅನ್ನುವುದು ಅವರ ಮಾತು. ನಾನು ಮೊದಲು ಆ ವಿಡಿಯೋವನ್ನು ನೋಡುವವರ ಜೊತೆಗೇ ಕೂತು ನೋಡುತ್ತೇನೆ ಅಂದೆ.

ತಿಪಟೂರು ಕಡೆಯ ಒಂದು ಹಳ್ಳಿಯ ಡೈರಿಯಲ್ಲಿ 14 ಜನ ಹೆಂಗಸರ ಜೊತೆ ಕೂತೆ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದೆ: ನಾಳೆ ಬೆಳಿಗ್ಗೆ ಹಾಲು ಕರೆಯುವಾಗ ಏನು ಬೇರೆ ಥರ ಮಾಡ್ತೀರಿ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬರು ‘ಕೈ ತೊಳ್ಕೋಬೇಕು’ ಅಂದರು. ಕೈಯನ್ನು ಅವರೆಲ್ಲ ಮೊದಲಿನಿಂದಲೂ ತೊಳೆದುಕೊಳ್ಳುತ್ತಿದ್ದರು! ಅಂದರೆ 22 ನಿಮಿಷದಲ್ಲಿ ಹೊಸದಾಗಿ ಏನೂ ದಾಟಿರಲಿಲ್ಲ. ತಪ್ಪು ಆ ಹೆಂಗಸರದ್ದಲ್ಲ. ವಿಡಿಯೋದಲ್ಲಿ ರೋಗದ ಹೆಸರುಗಳು, ಬ್ಯಾಕ್ಟೀರಿಯಾದ ವಿಧಗಳು, ನಷ್ಟದ ಲೆಕ್ಕ ಎಲ್ಲ ಇತ್ತು, ಕೈಗೆ ಕೆಲಸ ಮಾತ್ರ ಇರಲಿಲ್ಲ.

ಹಾಗಾಗಿ ಅದನ್ನು ಬದಿಗಿಟ್ಟು ಹೊಸದಾಗಿ ಶುರು ಮಾಡಿದೆ. ಪಶುವೈದ್ಯರೊಬ್ಬರ ಜೊತೆ ಕೂತು, ಈ ಪಾಠ ನೋಡಿದವರು ಮಾಡಲೇಬೇಕಾದ್ದು ಯಾವುದು ಅಂತ ಸೋಸುತ್ತಾ ಹೋದಾಗ ನಾಲ್ಕು ಕೆಲಸ ಉಳಿದವು. ಮೊದಲ ಎರಡು ಧಾರೆ ಹಾಲನ್ನು ಬೇರೆ ಹಿಂಡಿ ನೋಡುವುದು, ಹೆಬ್ಬೆರಳು ಮಡಚದೆ ಪೂರ್ತಿ ಮುಷ್ಟಿಯಲ್ಲಿ ಕರೆಯುವುದು, ಕರೆದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ಆಮೇಲೆ ಅರ್ಧ ಗಂಟೆ ಹಸು ಮಲಗದಂತೆ ನೋಡಿಕೊಳ್ಳುವುದು. ನಾಲ್ಕಕ್ಕೆ ನಾಲ್ಕು ಪುಟ್ಟ ವಿಡಿಯೋ, ಒಂದೊಂದೂ ಒಂದೂವರೆ ನಿಮಿಷದ ಒಳಗೆ.

ಸ್ಕ್ರಿಪ್ಟ್ ಬರೆಯುವಾಗ ನಾನು ಹಾಳೆಯನ್ನು ಎರಡು ಭಾಗ ಮಾಡುತ್ತೇನೆ. ಎಡಕ್ಕೆ ಕಣ್ಣಿಗೆ ಕಾಣುವುದು, ಬಲಕ್ಕೆ ಕಿವಿಗೆ ಕೇಳುವುದು. ಎರಡೂ ಕಡೆ ಒಂದೇ ವಿಷಯ ಬಂದಿದ್ದರೆ ಒಂದನ್ನು ಅಲ್ಲೇ ಹೊಡೆದು ಹಾಕುತ್ತೇನೆ. ಹೊಸಬರು ಹೆಚ್ಚಾಗಿ ಬಲಗಡೆಯನ್ನು ಪೂರ್ತಿ ಬರೆದು ಮುಗಿಸಿ, ಆಮೇಲೆ ಚಿತ್ರ ಹುಡುಕಲು ಹೊರಡುತ್ತಾರೆ. ಆಗ ಚಿತ್ರ ಸುಮ್ನೆ ಅಲಂಕಾರ ಆಗುತ್ತದೆ. ನಾನು ಎಡಗಡೆಯಿಂದ ಶುರು ಮಾಡುತ್ತೇನೆ, ಚಿತ್ರ ಹೇಳಲಾಗದ್ದನ್ನು ಮಾತ್ರ ಮಾತಿಗೆ ಬಿಡುತ್ತೇನೆ.

ಇನ್ನೊಂದು, ಬರೆದದ್ದನ್ನು ಗಟ್ಟಿಯಾಗಿ ಓದಲೇಬೇಕು. ನಾನು ನೋಡಿದ ಕೈಪಿಡಿಯಲ್ಲಿ ‘ದೋಹನಾನಂತರ ಮೊಲೆತೊಟ್ಟಿನ ರಂಧ್ರವು ಸುಮಾರು ಅರ್ಧ ಗಂಟೆಯ ಕಾಲ ತೆರೆದುಕೊಂಡಿರುವುದರಿಂದ’ ಅಂತ ಒಂದು ಸಾಲಿತ್ತು. ಓದಿದರೆ ಉಸಿರು ಸಾಲುವುದಿಲ್ಲ. ನಾನು ಹೀಗೆ ಬರೆದೆ: ‘ಹಾಲು ಕರೆದ ಮೇಲೆ ತೊಟ್ಟಿನ ಬಾಯಿ ಅರ್ಧ ಗಂಟೆ ತೆರೆದೇ ಇರುತ್ತದೆ. ಆಗ ಹಸು ಮಲಗಿದರೆ ಸಗಣಿ, ಗಂಜಲ ಒಳಗೆ ಸೇರುತ್ತದೆ.’ ಸ್ಟಾಪ್‌ವಾಚ್ ಇಟ್ಟು ಓದಿ ನೋಡಿದರೆ ನನಗೆ ಕನ್ನಡದಲ್ಲಿ ನಿಮಿಷಕ್ಕೆ 85ರಿಂದ 90 ಪದ ಹಿತವಾಗಿ ಕೂರುತ್ತದೆ. ಇಂಗ್ಲಿಷಿನ ಲೆಕ್ಕ ಹಿಡಿದು 140 ಪದ ತುಂಬಿದರೆ ಓದುವವರು ಓಡಬೇಕಾಗುತ್ತದೆ, ಏಕೆಂದರೆ ನಮ್ಮ ಒಂದೊಂದು ಪದವೂ ಉದ್ದ, ವಿಭಕ್ತಿ ಎಲ್ಲ ಅದರೊಳಗೇ ಸೇರಿಕೊಂಡಿರುತ್ತದೆ ಅಲ್ವಾ.

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಮುಂದಿನ ಹೆಜ್ಜೆಯಲ್ಲಿ. ಪ್ರೊಟೊಟೈಪ್, ಅಂದರೆ ಪರೀಕ್ಷಿಸಿ ನೋಡುವ ಕಚ್ಚಾ ಮಾದರಿ, ಮಾಡಲು ಏನೋ ದೊಡ್ಡ ಸಾಫ್ಟ್‌ವೇರ್ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ 19 ಚಿತ್ರ ಬರೆದೆ. ಮಾತನ್ನು ಮೊಬೈಲಿನಲ್ಲಿ ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿದೆ. ಅರ್ಧ ದಿನದ ಕೆಲಸ. ಅದನ್ನು ಹಿಡಿದುಕೊಂಡು ಅದೇ ಊರಿಗೆ ಹೋಗಿ, ಮೂವರು ಹೆಂಗಸರ ಮುಂದೆ ದನಿ ಹಾಕಿ ಒಂದೊಂದೇ ಹಾಳೆ ತಿರುಗಿಸಿದೆ.

ತೊಟ್ಟನ್ನು ಉದ್ದಕ್ಕೆ ಸೀಳಿ ಒಳಭಾಗ ತೋರಿಸಿದ ಚಿತ್ರ ಬಂದಾಗ ಒಬ್ಬರು ‘ಇದು ಬೆಂಡೆಕಾಯಿನಾ?’ ಅಂತ ಕೇಳಿದರು. ತುಂಬಾ ಒಳ್ಳೆಯ ಪ್ರಶ್ನೆ ಅದು. ಸೀಳಿದ ಚಿತ್ರ ನಮಗೆ ಶಾಲೆಯ ವಿಜ್ಞಾನ ಪುಸ್ತಕದಿಂದ ರೂಢಿ, ಅವರಿಗೆ ಅದು ಎಲ್ಲಿಂದಲೋ ಬಂದ ಆಕಾರ. ಅಲ್ಲೇ ಕೂತು ಬದಲಾಯಿಸಿದೆ. ಮೊದಲು ಇಡೀ ಹಸು, ಆಮೇಲೆ ಕೆಚ್ಚಲು, ಆಮೇಲೆ ಒಂದು ತೊಟ್ಟು, ಪಕ್ಕದಲ್ಲಿ ಅಳತೆಗೆ ಒಂದು ಕೈ, ಕೊನೆಗೆ ಅದೇ ತೊಟ್ಟಿನ ಹೊರಗೆರೆ ಹಾಗೇ ಇದ್ದು ಒಳಗಿನ ದಾರಿ ಮಾತ್ರ ಕಾಣುವ ಚಿತ್ರ. ನಾಲ್ಕು ಮೆಟ್ಟಿಲು ಇಳಿದ ಮೇಲೆ ಅವರೇ ‘ಓ, ಹಾಲು ಬರೋ ತೂತು’ ಅಂದರು.

ಮೊದಲ ಹಾಲು ನೋಡಲು ನಾನು ಸ್ಕ್ರಿಪ್ಟಿನಲ್ಲಿ ಕಪ್ಪು ತಟ್ಟೆಯ ಸ್ಟ್ರಿಪ್ ಕಪ್ ಬರೆದಿದ್ದೆ. ಅದು ಯಾರ ಮನೆಯಲ್ಲೂ ಇಲ್ಲ. ‘ಹಳೇ ಕರಿ ಬಟ್ಟೆ ಚೊಂಬಿನ ಬಾಯಿಗೆ ಕಟ್ಟಿದ್ರೆ ಆಗಲ್ವಾ?’ ಅಂದರು. ಧಾರಾಳವಾಗಿ ಆಗುತ್ತದೆ. ಬಾವು ಇದ್ದರೆ ಹಾಲಿನಲ್ಲಿ ಬರುವ ಬಿಳಿ ತರಿ ಕಪ್ಪು ಬಟ್ಟೆಯ ಮೇಲೆ ಎದ್ದು ಕಾಣುತ್ತದೆ, ಬೇಕಾಗಿರುವುದು ಅಷ್ಟೇ. ಆ ಹಾಲನ್ನು ನೆಲಕ್ಕೆ ಹಿಂಡಬಾರದು, ಕೊಟ್ಟಿಗೆಯಲ್ಲೆಲ್ಲ ರೋಗ ಹರಡುತ್ತದೆ ಅನ್ನುವ ಮಾತನ್ನೂ ಅಲ್ಲೇ ಸೇರಿಸಿದೆ.

ಆದರೆ ಅವತ್ತಿನ ದೊಡ್ಡ ಲಾಭ ಅರ್ಧ ಗಂಟೆಯ ವಿಷಯದಲ್ಲಿ ಸಿಕ್ಕಿತು. ‘ಹಸು ನಿಂತೇ ಇರಲಿ, ಮೇವು ಹಾಕಿ’ ಅಂತ ನನ್ನ ದನಿ ಹೇಳುತ್ತಿತ್ತು. ಅವರು ತಲೆ ಆಡಿಸಿದರು, ಒಪ್ಪಲಿಲ್ಲ. ಅವರ ಮನೆಗಳಲ್ಲಿ ಬೂಸಾ, ಹುಲ್ಲು ಎಲ್ಲವನ್ನೂ ಕರೆಯುವಾಗಲೇ ಹಾಕುತ್ತಾರೆ. ತಿನ್ನುತ್ತಾ ಇದ್ದರೆ ಹಸು ಸುಮ್ಮನೆ ನಿಲ್ಲುತ್ತದೆ, ಸೊರೆ ಬಿಡುತ್ತದೆ, ಅಂದರೆ ಹಾಲನ್ನು ತೊಟ್ಟಿಗೆ ಇಳಿಸುತ್ತದೆ. ಕರೆದು ಮುಗಿಯುವ ಹೊತ್ತಿಗೆ ಹೊಟ್ಟೆ ತುಂಬಿ ಮಲಗಿಬಿಡುತ್ತದೆ. ಹೊಟ್ಟೆ ತುಂಬಿದ ಹಸುವಿಗೆ ಮತ್ತೆ ಮೇವು ಹಾಕಿದರೆ ಮೂಸಿಯೂ ನೋಡುವುದಿಲ್ಲ. ಹಾಗಾಗಿ ಪಾಠವೇ ಬದಲಾಯಿತು: ಕರೆಯುವಾಗ ಬೂಸಾ ಮಾತ್ರ, ಹಸಿ ಹುಲ್ಲು ಕರೆದ ಮೇಲೆ. ಇದು ಯಾವ ಕೈಪಿಡಿಯಲ್ಲೂ ನನಗೆ ಸಿಕ್ಕಿರಲಿಲ್ಲ. ಶೂಟಿಂಗ್ ಮುಗಿಸಿ, ಆನಿಮೇಷನ್ ಮಾಡಿಸಿ, ಆಮೇಲೆ ಗೊತ್ತಾಗಿದ್ದರೆ? ಹಣವೂ ಇರುತ್ತಿರಲಿಲ್ಲ, ಬದಲಾಯಿಸುವ ಮನಸ್ಸೂ ಇರುತ್ತಿರಲಿಲ್ಲ. ಕಾಗದದ ಮೇಲಾದರೆ ಎರಡು ಹಾಳೆ ಹರಿದು ಹಾಕಿದರೆ ಆಯಿತು. ಅದಕ್ಕಿಂತ ಮುಖ್ಯ, ಚೆಂದದ ಬಣ್ಣದ ವಿಡಿಯೋ ನೋಡಿದವರು ‘ಚೆನ್ನಾಗಿದೆ’ ಅಂತ ಹೇಳಿ ಎದ್ದು ಹೋಗುತ್ತಾರೆ. ಪೆನ್ನಿನ ಗೀಟು ನೋಡಿದವರು ತಿದ್ದುತ್ತಾರೆ.

ಯಾವುದು ಚಿತ್ರ, ಯಾವುದು ವಿಡಿಯೋ ಅನ್ನುವುದಕ್ಕೆ ನನ್ನ ಲೆಕ್ಕ ಸರಳ. ಕಣ್ಣಿಗೆ ಕಾಣದ್ದಕ್ಕೆ ಚಿತ್ರ, ಕೈ ಮಾಡುವುದಕ್ಕೆ ವಿಡಿಯೋ. ತೊಟ್ಟಿನ ಬಾಯಿ ತೆರೆದಿರುವುದನ್ನು, ಕೊಳೆ ಒಳಗೆ ಹೋಗುವುದನ್ನು ಯಾವ ಕ್ಯಾಮೆರಾವೂ ಹಿಡಿಯುವುದಿಲ್ಲ. ಮುಷ್ಟಿಯಲ್ಲಿ ಕರೆಯುವುದನ್ನು ಯಾವ ಚಿತ್ರವೂ ಕಲಿಸುವುದಿಲ್ಲ. ಹೆಬ್ಬೆರಳು, ತೋರುಬೆರಳು ಸೇರಿ ತೊಟ್ಟಿನ ಮೇಲ್ಭಾಗವನ್ನು ಮುಚ್ಚಬೇಕು, ಆಮೇಲೆ ನಡುಬೆರಳು, ಉಂಗುರ ಬೆರಳು, ಕಿರುಬೆರಳು ಒಂದರ ಹಿಂದೆ ಒಂದು ಒತ್ತಬೇಕು. ಬಾಯಲ್ಲಿ ಹೇಳಿದರೆ ಇಷ್ಟು ಉದ್ದ, ನೋಡಿದರೆ ಎರಡು ಕ್ಷಣ.

ಕ್ಯಾಮೆರಾವನ್ನು ಕರೆಯುವವರ ಹೆಗಲ ಹಿಂದೆ ಇಟ್ಟೆ. ಎದುರಿನಿಂದ ತೆಗೆದರೆ ಎಡ ಬಲ ಅದಲು ಬದಲಾಗಿ ಕಾಣುತ್ತದೆ, ಕಲಿಯುವವರು ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕು. ಟ್ರೈಪಾಡನ್ನು ಹಿಂದಿನ ಸಂಜೆಯೇ ಕೊಟ್ಟಿಗೆಯಲ್ಲಿ ನಿಲ್ಲಿಸಿ ಬಂದಿದ್ದೆ, ಹಸುವಿಗೆ ರೂಢಿಯಾಗಲಿ ಅಂತ. ಹಸು ಬೆದರಿದರೆ ಸೊರೆ ಬಿಡುವುದಿಲ್ಲ, ಮೇಲಾಗಿ ಸೊರೆ ಬಿಟ್ಟ ಮೇಲೆ ಸಿಗುವುದು ಐದಾರು ನಿಮಿಷ. ಎರಡನೇ ಟೇಕ್ ಅನ್ನುವುದು ಮುಂದಿನ ಹೊತ್ತಿಗೇ. ಎಲ್‌ಇಡಿ ಬಲ್ಬಿನ ಬೆಳಕಲ್ಲಿ ಪರದೆಯ ಮೇಲೆ ಪಟ್ಟೆಗಳು ಓಡುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಕ್ಯಾಮೆರಾದ ಶಟರನ್ನು ಸೆಕೆಂಡಿನ 1/50ಕ್ಕೆ ಇಟ್ಟಾಗ ಸರಿಹೋಯಿತು.

ಎಡಿಟಿಂಗ್ ಮಾಡುವಾಗ ಒಂದು ವಿಷಯಕ್ಕೆ ನಾನು ಗಟ್ಟಿಯಾಗಿ ನಿಂತೆ. ಮುಷ್ಟಿ ಹಿಡಿಯುವ 12 ಸೆಕೆಂಡಿನಲ್ಲಿ ಮಾತು ಬೇಡ, ಸಂಗೀತ ಬೇಡ, ಹಾಲು ಪಾತ್ರೆಗೆ ಬೀಳುವ ಸದ್ದು ಮಾತ್ರ ಇರಲಿ ಅಂದೆ. ಖಾಲಿ ಖಾಲಿ ಅನ್ನಿಸುತ್ತದೆ ಅಂತ ಸಂಸ್ಥೆಯವರು ಹೇಳಿದರು. ಆದರೆ ಕರೆಯುವವರಿಗೆ ಆ ಸದ್ದೇ ಪಾಠ. ಧಾರೆ ಸರಿಯಾಗಿದ್ದರೆ ಕಿವಿಗೆ ಗೊತ್ತಾಗುತ್ತದೆ. ಹೇಳುವ ಮಾತನ್ನೇ ಕೆಳಗೆ ಅಕ್ಷರದಲ್ಲಿ ಓಡಿಸಬೇಕು ಅನ್ನುವುದನ್ನೂ ಕೈಬಿಡಿಸಿದೆ. ಚಿತ್ರ, ಮಾತು, ಅದೇ ಮಾತಿನ ಅಕ್ಷರ ಮೂರೂ ಒಟ್ಟಿಗೆ ಬಂದರೆ ಕಲಿಕೆಗೆ ತೊಡಕು ಅಂತ ರಿಚರ್ಡ್ ಮೇಯರ್ ಎಂಬ ಮನಃಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ. ನನ್ನ ಪರದೆಯ ಮೇಲೆ ಉಳಿದದ್ದು ‘ಅರ್ಧ ಗಂಟೆ’ ಅನ್ನುವ ಎರಡೇ ಪದ, ದೊಡ್ಡದಾಗಿ. ಕಿವಿ ಕೇಳದವರಿಗಾಗಿ ಅಕ್ಷರವಿರುವ ಪ್ರತಿಯನ್ನು ಬೇರೆ ಮಾಡಿಟ್ಟೆ.

ಹಾಲಿನಲ್ಲೇ ಬಾವನ್ನು ಪತ್ತೆ ಹಚ್ಚುವ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ಪರೀಕ್ಷೆಯನ್ನು ಹೆಂಗಸರ ಪಾಠದಿಂದ ತೆಗೆದೆ. ನಾಲ್ಕು ಬಟ್ಟಲಿನ ಹಲಗೆಯಲ್ಲಿ ಒಂದೊಂದು ತೊಟ್ಟಿನ ಹಾಲು ಹಿಂಡಿ, ಅಷ್ಟೇ ದ್ರಾವಣ ಹಾಕಿ ಆಡಿಸಿದಾಗ ಲೋಳೆಯಂತೆ ಗಟ್ಟಿಯಾದರೆ ಬಾವು ಇದೆ ಅಂತ ಅರ್ಥ, ಹೊರಗೆ ಏನೂ ಕಾಣದಿದ್ದರೂ. ಆ ಊರಿನಲ್ಲಿ ಅದು ಡೈರಿಯ ಹಾಲು ಪರೀಕ್ಷಕರ ಕೆಲಸ. ಅವರಿಗೆ ಪವರ್‌ಪಾಯಿಂಟ್‌ನಲ್ಲೇ ಬಟನ್ ಒತ್ತಿ ಉತ್ತರ ಆರಿಸುವ ಪುಟಗಳನ್ನು ಮಾಡಿಕೊಟ್ಟೆ.

ನಾಲ್ಕೂ ವಿಡಿಯೋಗಳನ್ನು 10 ಎಂಬಿ ಒಳಗೆ ಇಳಿಸಿ ವಾಟ್ಸಾಪ್‌ನಲ್ಲಿ ಕಳಿಸಿದೆವು. ಎರಡು ತಿಂಗಳ ನಂತರ ಆ ಊರಿಗೆ ಹೋದಾಗ ನನ್ನ ಕ್ಯಾಲೆಂಡರ್ ಹಾಳೆಗಳು ಡೈರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಫ್ಯಾಟ್ ಮೆಷಿನ್ ಪಕ್ಕದ ಮೊಳೆಗೆ ದಾರದಲ್ಲಿ ನೇತಾಡುತ್ತಿದ್ದವು. ಅವತ್ತು ಕರೆಂಟ್ ಇರಲಿಲ್ಲ, ಮೊಬೈಲೂ ಚಾರ್ಜ್ ಇಲ್ಲ. ಹೊಸದಾಗಿ ಹಾಲು ಹಾಕಲು ಶುರು ಮಾಡಿದ್ದ ಒಬ್ಬ ಹುಡುಗಿಗೆ, ಬೆಂಡೆಕಾಯಿನಾ ಅಂತ ಕೇಳಿದ್ದ ಆ ಅಮ್ಮನೇ ಹಾಳೆ ತಿರುಗಿಸುತ್ತಾ, ತಮ್ಮದೇ ಮಾತಿನಲ್ಲಿ, ಹಸಿ ಹುಲ್ಲು ಯಾವಾಗ ಹಾಕಬೇಕು ಅಂತ ಹೇಳಿಕೊಡುತ್ತಿದ್ದರು.